ಗಂಜಿ ನೀರು ಕುದ್ದ ಹೊತ್ತು

ಮಲಕಾಜಪ್ಪನ ಮಗ್ಗದ ಶೆಡ್ಡಿನಿಂದ ಹನ್ನೆರಡು ಸೀರೆ ಮಾಯವಾಗಿದ್ದವು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ ಮಾತ್ರ: ನೇಯುವ ಅನ್ನವ್ವ, ಮೇಸ್ತ್ರಿ ಧರ್ಮರಾಜ.

ಬನಹಟ್ಟಿಯ ಪಿಎಸ್‌ಐ ಹರ್ಷದಾ ಹತ್ತು ಗಂಟೆಗೆ ಜೀಪಿನಿಂದ ಇಳಿದಾಗ, ಮಲಕಾಜಪ್ಪ ಓಣಿಯ ನಡುವೆಯೇ ಅನ್ನವ್ವನ ಚೀಲ ಝಾಡಿಸಿ ಮುಗಿಸಿದ್ದ. ಉದುರಿದ್ದು ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ಇಪ್ಪತ್ತು ವರ್ಷ ದುಡಿದವಳು ತಲೆ ಎತ್ತದೆ ನಿಂತಿದ್ದಳು. ಕಳ್ಳಿ ಎನಿಸಿಕೊಂಡವಳಿಗೆ ಈ ಊರಿನಲ್ಲಿ ಇನ್ನೊಬ್ಬರ ಮಗ್ಗ ಸಿಗುವುದಿಲ್ಲ. ಹರ್ಷದಾ ನೇರ ಶೆಡ್ಡಿನೊಳಗೆ ನಡೆದಳು.

ಒಳಗೆ ಮಗ್ಗಗಳು ಸುಮ್ಮನಿದ್ದವು. ಮೂಲೆಯಲ್ಲಿ, ಕರೆಂಟಿನ ಕಾಯಿಲ್ ಇಳಿಬಿಟ್ಟ ಕೊಳಗದಲ್ಲಿ, ನೂಲಿಗೆ ಹಾಕುವ ಗಂಜಿಯ ನೀರು ಆಗಷ್ಟೇ ಕುದಿ ಹತ್ತಿತ್ತು.

ತಾನು ಒಂಬತ್ತಕ್ಕೆ ಬಂದೆ, ಅನ್ನವ್ವ ಒಬ್ಬಳೇ ಒಳಗಿದ್ದಳು, ಕಪಾಟು ಬರಿದಾಗಿತ್ತು ಎಂದ ಧರ್ಮರಾಜ. ಹರ್ಷದಾ ಕೊಳಗದ ಕಡೆ ನೋಡಿ ಅವನನ್ನು ಕೇಳಿದಳು.

"ನೀರು ಇಟ್ಟವರ‍್ಯಾರು?"

"ನಾನs ರೀ. ಬಂದ ಕೂಡ್ಲೆ ನಳದ ತಣ್ಣೀರು ತುಂಬಿ ಕಾಯಿಲ್ ಹಚ್ಚಿದೆ. ದಿನಾ ತಾಸಿನ್ಯಾಗ ಕುದೀತೈತಿ."

ಅನ್ನವ್ವ ಮೊದಲ ಸಲ ಬಾಯಿ ತೆರೆದಳು. "ನಾ ಬರೂದರಾಗs ನೀರು ಬೆಚ್ಚಗಿತ್ತ್ರಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹರ್ಷದಾ ಹಾಕಿಕೊಂಡಳು.

*

ಎದುರಿನ ಚಹಾದಂಗಡಿಯ ತಾರವ್ವ, ಅನ್ನವ್ವ ರಬಕವಿ ಬಸ್ಸಿನಿಂದ ಇಳಿದದ್ದು ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಎಂದಳು. ಮಗ್ಗಗಳೇಕೆ ನಿಂತಿವೆ ಎಂದು ಲೈನ್‌ಮನ್ ಸಾತಪ್ಪನನ್ನು ಕೇಳಿದರೆ, ಮುಂಜಾನೆ ಆರರಿಂದ ವೋಲ್ಟೇಜ್ ಬಿದ್ದಿದೆ, ಮಗ್ಗ ಹಚ್ಚಿದರೆ ಮೋಟಾರು ಸುಡುತ್ತದೆ ಎಂದ.

ಪೊಲೀಸ್ ಆಗುವ ಮೊದಲು ಹರ್ಷದಾ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದಳು. ಸಾತಪ್ಪನ ಮೀಟರು ಇಸಿದುಕೊಂಡು ಕಾಯಿಲ್‌ಗೆ ಹಿಡಿದಳು. ನೂರಾ ಅರವತ್ತು ವೋಲ್ಟ್. ಮೂರು ಆಂಪಿಯರ್. ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಬರೆದು ನಕ್ಕಳು.

*

ಕಾಯಿಲ್ ಮೇಲಿನ ಬರಹ ಇನ್ನೂರಾ ಮೂವತ್ತು ವೋಲ್ಟ್, ಸಾವಿರ ವ್ಯಾಟ್. ಅಂದರೆ ನಾಲ್ಕೂಕಾಲಿಗಿಂತ ತುಸು ಹೆಚ್ಚು ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸುಮಾರು ಐವತ್ಮೂರು ಓಮ್. ಇವತ್ತಿನ ಅಳತೆಯನ್ನು ಭಾಗಿಸಿದರೂ ಅದೇ ಐವತ್ಮೂರು. ಕಾಯಿಲ್ ಹಳೆಯದೇ, ಯಾರೂ ಬದಲಿಸಿಲ್ಲ.

"ಈಗ ಗುಣಿಸ್ರಿ," ಎಂದಳು ಧರ್ಮರಾಜನಿಗೆ. "ನೂರಾ ಅರವತ್ತು ಮೂರಲೆ ನಾಕನೂರಾ ಎಂಬತ್ತು ವ್ಯಾಟ್. ದಿನಾ ಸಿಗೂದರ ಅರ್ಧಾನೂ ಇಲ್ಲ. ತಾಸಿನ್ಯಾಗ ಕುದಿಯೂ ನೀರಿಗೆ ಇವತ್ತು ಎರಡು ತಾಸು ಬೇಕು. ನಾ ಹತ್ತಕ್ಕ ಬಂದಾಗ ಕುದಿಯಾಕತ್ತಿತ್ತು. ಹಂಗಾದ್ರ ನೀವು ನೀರು ಇಟ್ಟಿದ್ದು ಎಂಟಕ್ಕ. ಆಗ ಅನ್ನವ್ವ ಇನ್ನೂ ರಬಕವ್ಯಾಗ ಇದ್ಲು."

ಧರ್ಮರಾಜನ ಮುಖ ಬಾಡಿತು.

ಬೀಗ ತೆಗೆದ ಕೂಡಲೇ ಗಂಜಿ ನೀರು ಇಡಬೇಕು, ಉಳಿದದ್ದೆಲ್ಲ ಆಮೇಲೆ. ಮಗ್ಗದವರ ರೂಢಿ ಅದು. ಕದಿಯಲು ಬಂದ ದಿನವೂ ಅವನ ಕೈ ತನ್ನ ಪಾಡಿಗೆ ನೀರಿಟ್ಟಿತ್ತು. ಗಂಟು ಕಟ್ಟಿ ಲೋಕಾಪುರದ ಬಸ್ಸಿಗೆ ಹಾಕಿ, ಒಂಬತ್ತಕ್ಕೆ ಸಾಚಾನಂತೆ ಮರಳಿದ್ದ. ಎಲ್ಲವನ್ನೂ ತಾನೇ ಒಪ್ಪಿಕೊಂಡ. ಲೋಕಾಪುರದ ನಿಲ್ದಾಣಕ್ಕೆ ಫೋನು ಹೋಯಿತು. ಗಂಟು ಅಲ್ಲೇ ಇತ್ತು, ಹನ್ನೆರಡೂ ಸೀರೆ ಸಿಕ್ಕವು.

*

ಜೀಪು ಹೊರಡುವ ಹೊತ್ತಿಗೆ ಮಲಕಾಜಪ್ಪ ಮೇಸ್ತ್ರಿಯ ಬೀಗದ ಕೈಯನ್ನೂ ಅನ್ನವ್ವನ ಮುಂದೆ ಹಿಡಿದು, ತಪ್ಪಾಯಿತು ಎಂದು ಮೆಲ್ಲಗೆ ಹೇಳಿದ. ಅವಳು ಕೈ ಚಾಚಲಿಲ್ಲ.

"ಚೀಲ ಓಣ್ಯಾಗ ಝಾಡಿಸಿದ್ರಿ, ಸಾವ್ಕಾರ‍್ರ. ಈ ಮಾತೂ ಓಣ್ಯಾಗs ಹೇಳ್ರಿ."

ಹರ್ಷದಾ ಜೀಪು ನಿಲ್ಲಿಸಿಕೊಂಡು ಕಾದಳು. ಮಲಕಾಜಪ್ಪ ಕಟ್ಟೆಗೆ ಬಂದ, ಗಂಟಲು ಸರಿ ಮಾಡಿಕೊಂಡ, ಅನ್ನವ್ವ ಕಳ್ಳಿಯಲ್ಲ, ತಪ್ಪು ನನ್ನದು ಎಂದ. ತಾರವ್ವನ ಅಂಗಡಿಯವರೆಗೆ ಕೇಳಲಿಲ್ಲವೆಂದು ಅನ್ನವ್ವ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಬೀಗದ ಕೈ ತೆಗೆದುಕೊಂಡು ಒಳಗೆ ಹೋಗಿ ಕಾಯಿಲ್ ಆರಿಸಿದಳು.