ಆ ಕಲ್ಲು ಎಲ್ಲಿ ಸಿಕ್ಕಿತು?

“ಮ್ಯಾಮ್, ನಿಲ್ಲಿ ನಿಲ್ಲಿ, ಒಡೀಬೇಡಿ.”

ತೆಸ್ಸಾ ಮ್ಯಾಮ್ ಎತ್ತಿದ್ದ ಸುತ್ತಿಗೆಯನ್ನು ಇಳಿಸಿದರು. ಜೊವೆಲಿನ್ ಓಡಿಬಂದು ಕಲ್ಲನ್ನು ಎದೆಗೆ ಅವಚಿಕೊಂಡಳು. ತೆಂಗಿನಕಾಯಿಯಷ್ಟು ದಪ್ಪದ ಕಪ್ಪು ಕಲ್ಲು, ಮೈತುಂಬ ಬಿಳಿ ಚುಕ್ಕಿ.

“ಇದರ ವಯಸ್ಸು ಹೇಳಿ ಅಂತ ತಂದ್ಕೊಟ್ಟಿದ್ದು ನೀನೇ ತಾನೆ?”

“ಹೇಳಿ ಅಂದೆ. ಒಡೀರಿ ಅಂದ್ನಾ?”

ಮ್ಯಾಮ್ ನಕ್ಕುಬಿಟ್ಟರು. ಜೊವೆಲಿನ್ ಊರಾದ ಇಟೊಗೋನಿನ ಬೆಟ್ಟಗಳಲ್ಲಿ ಚಿನ್ನ ಯಾವ ಕಾಲದಲ್ಲಿ ಹುಟ್ಟಿತು ಎಂದು ಕಲ್ಲುಗಳ ವಯಸ್ಸಿನಿಂದ ತಿಳಿಯುತ್ತದಂತೆ. ಭೂವಿಜ್ಞಾನಿಯಾದ ಅವರು ಅದಕ್ಕೇ ಮನಿಲಾದಿಂದ ಬಂದು ಅವಳ ಮನೆಯಲ್ಲಿ ಉಳಿದಿದ್ದರು.

“ಇದು ಜ್ವಾಲಾಮುಖಿ ಕಕ್ಕಿದ ಕಲ್ಲು, ಮರಿ. ಬಿಸಿ ಆರಿ ಗಟ್ಟಿಯಾಗುವಾಗ ಒಳಗೆ ಸಣ್ಣ ಸಣ್ಣ ಹರಳು ಆಗಿರ್ತವೆ. ವಯಸ್ಸು ಗೊತ್ತಿರೋದು ಅವಕ್ಕೇ. ಪುಡಿ ಮಾಡದೆ ಅವು ಕೈಗೆ ಸಿಗಲ್ಲ.”

ಜೊವೆಲಿನ್ ಮುಖ ಸಪ್ಪಗಾಯಿತು. ಕೆಲಸಕ್ಕೆಂದು ದೂರದೇಶದ ಪಪುವಾದ ಗಣಿಗೆ ಹೊರಟ ದಿನ ಅಪ್ಪ ಈ ಕಲ್ಲನ್ನು ಅವಳ ಮಡಿಲಲ್ಲಿಟ್ಟು, “ಇದಕ್ಕೆ ಎಷ್ಟು ವಯಸ್ಸು, ಯೋಚ್ನೆ ಮಾಡ್ತಿರು. ನಿಂಗೆ ಗೊತ್ತಾಗೋ ಹೊತ್ತಿಗೆ ನಾನು ಬಂದಿರ್ತೀನಿ,” ಎಂದಿದ್ದ. ಆಮೇಲೆ ಎರಡು ಕ್ರಿಸ್ಮಸ್ ಕಳೆದಿದ್ದವು. ತಮಾಷೆಗೆ ಅಂದ ಮಾತು ಕಣೆ ಎಂದು ಅಜ್ಜಿ ಎಷ್ಟು ಹೇಳಿದರೂ ಅವಳು ಕೇಳಿರಲಿಲ್ಲ.

“ಹಾಗಾದ್ರೆ ಒಡೀರಿ,” ಎಂದಳು. ಕಲ್ಲನ್ನು ಮಾತ್ರ ಬಿಡಲಿಲ್ಲ.

“ಬಾಯಿ ಕೊಡ್ತೀನಿ ಅನ್ನತ್ತೆ, ಕೈ ಕೊಡಲ್ಲ ಅನ್ನತ್ತೆ,” ಎಂದಳು ಗೆಣಸು ಸುಲಿಯುತ್ತಿದ್ದ ಅಜ್ಜಿ.

“ಇದನ್ನ ಒಡೆಯೋದೇ ಬೇಡ,” ಎಂದರು ಮ್ಯಾಮ್. “ಅಪ್ಪ ಇದನ್ನ ಯಾವ ಬಂಡೆಯಿಂದ ತೆಗೆದ್ರು ಅಂತ ಕೇಳು. ಅದೇ ಬಂಡೆಯ ಇನ್ನೊಂದು ಚೂರು ತರೋಣ. ಎರಡಕ್ಕೂ ಒಂದೇ ವಯಸ್ಸು.”

ಭಾನುವಾರ ಅಪ್ಪನ ಕಾಲ್ ಬಂತು.

“ಅಪ್ಪ, ನೀನು ಕೊಟ್ಟ ಕಲ್ಲು ಎಲ್ಲಿ ಸಿಕ್ತು? ಬೇಗ ಹೇಳು, ಬೇಗ.”

“ಅದನ್ನ ಇನ್ನೂ ಇಟ್ಕೊಂಡಿದೀಯಾ?” ಅಪ್ಪ ನಕ್ಕ. “ತೂಗುಸೇತುವೆ ದಾಟು. ಅಜ್ಜಿ ಗೆಣಸಿನ ಹೊಲದ ಪಕ್ಕ ಇಳಿ. ಬೆಳಿಗ್ಗೆ ಹೋದ್ರೆ ಅಲ್ಲಿ ಮಂಜು ಮೊಣಕಾಲ ತನಕ ಇರತ್ತೆ, ಜಾರ್ಬೇಡ. ಆಮೇಲೆ ಸೀಬೆಮರ. ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹಣ್ಣು ಕೀಳಿಸ್ತಿದ್ನಲ್ಲ, ಅದೇ ಮರ...”

ಅಪ್ಪನ ಹಿಂದೆ ಯಾವುದೋ ಯಂತ್ರ ಗುರ್ರೆನ್ನುತ್ತಿತ್ತು.

“ಈ ಸಲ ಹಣ್ಣು ಬಿಟ್ಟಿದೆಯೇನೆ?”

ಆ ಸೀಬೆಮರ ಹೋದ ಸಲದ ಬಿರುಗಾಳಿಗೆ ಬುಡಸಮೇತ ಉರುಳಿತ್ತು. ಜೊವೆಲಿನ್ ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೆಣಸಿನ ಕಡೆ ನೋಡಿದಳು.

ಅಪ್ಪನಿಗಾಗಿ ಹಂಬಲಿಸಿ ಹಂಬಲಿಸಿ ಜೊವೆಲಿನ್‌ಗೆ ಅಳು ಬರುತ್ತಿತ್ತು. ಅಪ್ಪನಿಗೂ ಹಾಗೇ ಆಗಬಹುದೆಂದು ಮಾತ್ರ ಇಲ್ಲಿಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ.

“ಬಿಟ್ಟಿದೆ ಅಪ್ಪ, ತುಂಬಾ,” ಎಂದಳು. ಕಲ್ಲನ್ನು ಮಡಿಲಿಗೆ ಎಳೆದುಕೊಂಡು ಗೋಡೆಗೆ ಒರಗಿ ಕುಳಿತಳು.

“ಆಮೇಲೆ ಯಾವ ಕಡೆ ತಿರುಗ್ಬೇಕು? ನಿಧಾನಕ್ಕೆ ಹೇಳು ಅಪ್ಪ. ಅವಸರ ಏನಿಲ್ಲ.”