ಹಿರಿಯ ಮಗನ ಕೋಟು

ಬೀರುವಿನ ಬೀಗ ಟಕ್ಕೆಂದಿತು. ಅತ್ತೆ ಬೀಗದಕೈಯನ್ನು ಕೈಚೀಲದೊಳಗೆ ಹಾಕಿ, ಚೀಲವನ್ನು ಕಂಕುಳಿಗೆ ಒತ್ತಿಕೊಂಡರು. ಬೀರುವಿನಲ್ಲಿ ಕಿರಿಸೊಸೆಯ ಕರಿಕೋಟು, ಬಿಳಿ ಕೊರಳಪಟ್ಟಿ.

“ಈಗ ಹೋಗು ಕೋರ್ಟಿಗೆ. ಕೋಟಿಲ್ದೆ ನಿಂತ್ರೆ ಜಡ್ಜು ಮುಖಾನೂ ನೋಡಲ್ಲ ಅಂತ ನೀನೇ ಹೇಳಿದ್ಯಲ್ಲ, ಲಾಯರಮ್ಮ?”

ಹೇಳಿದ್ದು ನಿಜ. ಮದುವೆಯಾದ ಹೊಸತರಲ್ಲಿ ನಗುನಗುತ್ತಾ ಆಡಿದ ಮಾತು ಇವತ್ತು ಕೊರಳಿಗೆ ಉರುಳಾಗಿತ್ತು. ಹಿತ್ತಲ ಒಂಟಿ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದ ವಿಧವೆ ಹಿರಿಸೊಸೆಯನ್ನು ಅತ್ತೆ ಹೊರಹಾಕಲು ಹೊರಟಾಗ, ಅವಳ ವಕಾಲತ್ತು ವಹಿಸಿದವಳು ಈ ಕಿರಿಯವಳೇ. ಕೋಣೆ ಬಿಡಿಸಕೂಡದೆಂಬ ತಡೆಯಾಜ್ಞೆ ಇವತ್ತಿನವರೆಗೆ ಮಾತ್ರ. ಹನ್ನೊಂದು ಗಂಟೆಗೆ ಅವಳ ಪರವಾಗಿ ಯಾರೂ ಎದ್ದು ನಿಲ್ಲದಿದ್ದರೆ, ಸಂಜೆಯೊಳಗೆ ಯಂತ್ರವೂ ಅವಳೂ ಬೀದಿಗೆ...

“ಹೊಟ್ಟೆನೋವು ಅಂತ ಹೇಳಿ ಮಲ್ಕೋ. ಮುಗೀತು,” ಎಂದ ಗಂಡ, ಪೇಪರಿನ ಹಿಂದಿನಿಂದ.

“ವಕಾಲತ್ತು ಚಪ್ಪಲಿ ಅಲ್ಲ ರೀ, ಬೇಕಾದಾಗ ಮೆಟ್ಟಿ ಬೇಡವಾದಾಗ ಬಿಡೋಕೆ. ಬಿಡೋದಾದ್ರೆ ಅಕ್ಕನಿಗೆ ಮೊದ್ಲೇ ಹೇಳ್ಬೇಕು, ಕೋರ್ಟು ಒಪ್ಪಬೇಕು. ಅಲ್ಲೀತನಕ ಅವರ ಬಾಯಿ ನಾನೇ.”

“ನಮ್ಮನೆ ಅನ್ನ ತಿಂದು ಅವಳ ಬಾಯಿ ಆಗ್ತೀಯಾ?” ಎಂದರು ಅತ್ತೆ. “ನೂಲುಂಡೆ ತಾ ಅಂತ ಕಳಿಸಿ ನನ್ನ ಹಿರಿಮಗನ್ನ ಲಾರಿ ಚಕ್ರಕ್ಕೆ ಕೊಟ್ಟವಳು ಅವಳು... ಇವತ್ತು ಈ ಹೊಸ್ತಿಲು ದಾಟಿದ್ರೆ ಆ ಕಡೆಯೇ ಇದ್ಬಿಡು.”

ಕಿರಿಯವಳು ಕಡತ ಎತ್ತಿಕೊಂಡು ಹಿತ್ತಲ ಬಾಗಿಲನ್ನು ದಾಟಿದಳು. ಗಂಡನ ಪೇಪರು ಅಲುಗಲಿಲ್ಲ.

ಕೋಣೆಯಲ್ಲಿ ಹಿರಿಯವಳಿಗೆ ಎಲ್ಲವೂ ಕೇಳಿಸಿತ್ತು. “ಬೇಡ ತಂಗಿ. ನನ್ನ ಸಂಸಾರವಂತೂ ಹೋಯ್ತು... ನಿನ್ನದಾದ್ರೂ ಉಳೀಲಿ...”

“ನಿಮಗೆ ಬೇರೆ ವಕೀಲರು ಬೇಕಾ? ಹೇಳಿ, ಈಗಲೇ ಬರ್ಕೊಡ್ತೀನಿ. ಕೋಣೆ ಬೇಡ್ವಾ? ಅದನ್ನೂ ಹೇಳಿ. ಆದ್ರೆ ನನಗೋಸ್ಕರ ಬೇಡ ಅನ್ಬೇಡಿ ಅಕ್ಕ. ಇಲ್ಲಿ ನಾನಿರೋದು ನಿಮಗೋಸ್ಕರ.”

ಹಿರಿಯವಳು ಯಂತ್ರದ ಚಕ್ರ ಸವರಿದಳು. “ಬೇಕು... ಕೋಣೆ ಬೇಕು,” ಎಂದು ಟ್ರಂಕಿನ ಮುಚ್ಚಳ ತೆಗೆದಳು. ತಳದಲ್ಲಿ ಗಂಡನ ಕರಿಕೋಟು. ತಮ್ಮ ಮದುವೆಗೆಂದು ಅವಳೇ ಹೊಲಿದದ್ದು. ಅವನ ಸಾವಿನ ನಂತರ ಮಡಿಕೆ ಬಿಚ್ಚಿರಲಿಲ್ಲ.

ಕಿರಿಯವಳು ತೊಟ್ಟರೆ ತೋಳು ಬೆರಳ ತುದಿಯನ್ನೂ ನುಂಗಿತು. ಹಿರಿಯವಳು ಕತ್ತರಿ ಮುಟ್ಟಲಿಲ್ಲ. ತೋಳನ್ನು ಒಳಕ್ಕೆ ಮಡಚಿ ಉದ್ದುದ್ದ ಹೊಲಿಗೆ ಹಾಕಿದಳು. ಬಿಳಿ ಚೂರು ಬಟ್ಟೆಯಲ್ಲಿ ಕೊರಳಪಟ್ಟಿಯೂ ಆಯಿತು. “ನೆಟ್ಟಗೆ ನಿಲ್ಲೇ. ಇಷ್ಟು ಅಲುಗಾಡೋ ಗಿರಾಕಿ ನನಗೆ ಸಿಕ್ಕೇ ಇರ್ಲಿಲ್ಲ,” ಎಂದವಳ ಕಣ್ಣೀರು ಹಲ್ಲಲ್ಲಿ ಕಚ್ಚಿದ್ದ ದಾರದ ಗುಂಟ ಇಳಿಯುತ್ತಿತ್ತು.

ಕೋರ್ಟಿನಲ್ಲಿ ಅತ್ತೆ ಮುಂದಿನ ಬೆಂಚಿನಲ್ಲೇ ಕೂತಿದ್ದರು, ಚೀಲ ಮಡಿಲಲ್ಲಿಟ್ಟುಕೊಂಡು, ತುಟಿಯಲ್ಲೇ ನಗುತ್ತಾ. ಹೆಸರು ಕೂಗಿದರು. ಕಿರಿಯವಳು ಎದ್ದಳು. ಎಡಮೊಣಕೈ ಬಳಿ ಅಂಗೈಯಗಲದ ತೇಪೆ. ಹಿರಿಮಗನ ಮದುವೆಯ ಬೆಳಗ್ಗೆ ಸಡಗರದಲ್ಲಿ ಇಸ್ತ್ರಿ ಮಾಡಲು ಹೋಗಿ ಅತ್ತೆಯೇ ಸುಟ್ಟಿದ್ದ ಜಾಗ ಅದು. ಅತ್ತೆಯ ನಗು ತುಟಿಯಲ್ಲೇ ಒಣಗಿತು.

ಕಿರಿಯವಳು ಅತ್ತ ನೋಡಲಿಲ್ಲ. ಅತ್ತೆಯನ್ನು ಅವಳು “ಎದುರುದಾರರು” ಎಂದಳು, ಪ್ರತಿ ಸಲವೂ. ಮೊಕದ್ದಮೆ ತೀರ್ಮಾನವಾಗುವವರೆಗೂ ತಡೆಯಾಜ್ಞೆ ಮುಂದುವರಿಯಲಿ ಎಂದರು ನ್ಯಾಯಾಧೀಶರು.

ಹೊರಗಿನ ಪಡಸಾಲೆಯಲ್ಲಿ ಅತ್ತೆ ಅಡ್ಡ ನಿಂತರು. ಬೀಗದಕೈಯನ್ನು ಅವಳ ಕಾಲಬುಡಕ್ಕೆ ಎಸೆದರು. “ನಿನ್ನ ಕೋಟು, ನಿನ್ನ ಬಟ್ಟೆ, ಎಲ್ಲಾ ತಗೊಂಡು ಹೊರಡು. ಮೈಮೇಲಿರೋದನ್ನ ಬಿಚ್ಚಿಕೊಡು. ನನ್ನ ಮಗನದು.”

“ಇದು ನನ್ನ ಕಕ್ಷಿದಾರರದು,” ಎಂದಳು ಕಿರಿಯವಳು, ಪಕ್ಕದಲ್ಲಿದ್ದ ಹಿರಿಯವಳನ್ನು ತೋರಿಸುತ್ತಾ. “ಕೊಡೋಕೆ ನನಗೆ ಹಕ್ಕಿಲ್ಲ. ಅವರನ್ನ ಕೇಳಿ.”

ಎರಡು ವರ್ಷದಿಂದ ಆ ಸೊಸೆಯೊಡನೆ ಮಾತಾಡಿರದ ಅತ್ತೆ ಗೋಡೆಯ ಕಡೆ ತಿರುಗಿದರು. ಅಲ್ಲಿಂದಲೇ ಗೊಣಗಿದರು: “ಕೊಡ್ತೀಯೇನೇ...”

ಹಿರಿಯವಳು ಕೋಟನ್ನು ಬಿಚ್ಚಿಸಿಕೊಂಡು ಬೆಂಚಿನ ಮೇಲೆ ಕುಳಿತಳು. “ಕೂತ್ಕೊಳ್ಳಿ ಅತ್ತೆ. ತೋಳು ಅವರ ಅಳತೆಗೆ ಮಾಡಿ ಕೊಡ್ತೀನಿ.”

ಅವಳು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಅತ್ತೆ ಬೆಂಚಿನ ಆ ತುದಿಯಲ್ಲಿ, ಬೆನ್ನು ತಿರುಗಿಸಿ, ಕೂತರು. ಕಿರಿಯವಳು ನೆಲದ ಮೇಲಿದ್ದ ಬೀಗದಕೈ ಹೆಕ್ಕಿಕೊಂಡು, ತನ್ನ ಬಟ್ಟೆಬರೆ ತರಲು ಮೆಟ್ಟಿಲಿಳಿದಳು... ಹಿತ್ತಲ ಕೋಣೆಯಲ್ಲಿ ಇಬ್ಬರು ಮಲಗುವಷ್ಟು ಜಾಗವಿತ್ತು.