ಗೇಟಿನ ಟು-ಲೆಟ್ ಬೋರ್ಡು

"ಯಾರ್ರೀ ನೀವು? ನಮ್ಮ ಮನ್ಯಾಗ ಟೇಪ್ ಹಿಡ್ಕೊಂಡು ಏನ್ ಅಳ್ಯಾಕತ್ತೀರಿ?"

ಕೋಠಿಯ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬಂದ ಶೈಲಾ ಬಾಗಿಲಲ್ಲೇ ಕಿಡಿಕಾರಿದಳು. ಗೇಟಿನಲ್ಲಿ ಟು-ಲೆಟ್ ಬೋರ್ಡು, ಒಳಗೆ ಗೋಡೆ ಅಳೆಯುತ್ತಿರುವ ಅಪರಿಚಿತ! ಈ ತೆಲುಗು ಊರಿನಲ್ಲೂ ಸಿಟ್ಟಿನಲ್ಲಿ ಕನ್ನಡವೇ ಬಾಯಿಗೆ ಬಂದಿತ್ತು.

ಅವನ ಮುಖ ಅರಳಿತು. "ನಮ್ಮ ಕಡಿಯವರೇನ್ರಿ? ನಾ ಗುರುಶಾಂತ, ಸೇಡಂನವ. ಫ್ಯಾಕ್ಟರ್ಯಾಗ ಎಲೆಕ್ಟ್ರಿಷಿಯನ್. ಮಂಚ ಹಿಡಿಸ್ತೈತೇನೋ ನೋಡಾಕ ಬಂದೆ..."

"ನಮ್ಮ ಕಡಿಯವರಾಗಿ ನಮ್ಮನ್ನ ಬೀದಿಗಿ ಹಾಕ್ತೀರೇನ್ರಿ?"

ಮನೆ ಮಾಲೀಕ ಸೂರ್ಯನಾರಾಯಣ ಹತ್ತು ಸಾವಿರದ ಬಾಡಿಗೆಯನ್ನು ಹದಿನಾಲ್ಕಕ್ಕೆ ಏರಿಸಿ, ಆಗದಿದ್ದರೆ ಒಂದನೇ ತಾರೀಖಿಗೆ ಖಾಲಿ ಮಾಡಿ ಎಂದಿದ್ದರು. ಶೈಲಾಳ ಸಂಬಳವೇ ಹದಿನೆಂಟು! ಊರಾಚೆ ಅಗ್ಗದ ಮನೆ ಸಿಗಬಹುದು. ಆದರೆ ಅವಳ ತಾಯಿ ಗಂಗಾಬಾಯಿಯ ಕೈಲಿ ಬ್ಲೌಸ್ ಹೊಲಿಸುವವರೆಲ್ಲ ಈ ಸುಲ್ತಾನ್ ಬಜಾರಿನ ಗಲ್ಲಿಯವರೇ. ಅಲ್ಲಿ ಅವ್ವನನ್ನು ಕೇಳುವವರು ಯಾರು?

ಗುರುಶಾಂತನ ಕಣ್ಣು ಮೂಲೆಯ ಹೊಲಿಗೆ ಯಂತ್ರದ ಮೇಲೆ ನಿಂತಿತು. ಅವನು ಟೇಪು ಸುತ್ತಿಕೊಂಡು ಹೊರಟುಹೋದ.

ಮರುದಿನ ಗೇಟಿನ ಬೋರ್ಡು ಮಾಯ!

ಶೈಲಾ ಅಟ್ಟದ ಟ್ರಂಕು ಕೆಳಗಿಳಿಸಿದಳು. ಬೋರ್ಡು ಇಳಿಯಿತೆಂದರೆ ಯಾರೋ ಮುಂಗಡದ ಟೋಕನ್ ಕೊಟ್ಟು ಮನೆ ಹಿಡಿದರೆಂದೇ ಅರ್ಥ. ಯಾರೋ ಏನು, ಅವನೇ!

ಆಮೇಲೆ ಅವನು ಮೂರು ಸಲ ಬಾಗಿಲು ಬಡಿದ.

"ಎರಡ ಮಾತ್ ಕೇಳ್ರಿ..."

"ಒಂದನೇ ತಾರೀಖಿಗಿ ಖಾಲಿ ಮಾಡ್ತೀವಿ. ಹೋಗ್ರಿ!"

ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೂರು ಸಲವೂ ಬಾಗಿಲು ಧಡಾರನೆ ಮುಚ್ಚಿತು. ಆದರೂ ಆ ಸಪ್ಪೆ ಮುಖ ಯಾಕೆ ಕಣ್ಣಿಂದ ಸರಿಯುತ್ತಿಲ್ಲ? ಛೀ, ಹಾಳು ಮನಸ್ಸೇ!

ತಿಂಗಳ ಕೊನೆಯ ದಿನ. ಹೊಲಿಗೆ ಯಂತ್ರವನ್ನು ಹಳೇ ಸೀರೆಯಲ್ಲಿ ಕಟ್ಟುತ್ತಿರುವಾಗ ಸೂರ್ಯನಾರಾಯಣ ಬಂದರು. ಹಿಂದೆಯೇ ಗುರುಶಾಂತ.

"ಗಂಟುಮೂಟೆ ಯಾಕಮ್ಮಾ?" ಅವರು ತೆಲುಗಿನಲ್ಲಿ ಕೇಳಿದರು. "ಇವನು ನಿಮಗೆ ಹೇಳಲಿಲ್ಲವೇ? ಟೋಕನ್ ಕೊಟ್ಟದ್ದು ಮಹಡಿ ಮೇಲೆ ಖಾಲಿ ಬಿದ್ದಿದ್ದ ರೂಮಿಗೆ! ಅದಕ್ಕೆ ನಾಲ್ಕು ಸಾವಿರ ಕೊಡುತ್ತಾನೆ. ನೀವು ಹಳೆಯ ಹತ್ತೇ ಕೊಡಿ, ನನಗೆ ಹದಿನಾಲ್ಕು ಬಂದರೆ ಸಾಕು. ಆದರೆ ಮೆಟ್ಟಿಲು ನಿಮ್ಮ ಅಂಗಳದಲ್ಲೇ ಇದೆ. ನೀವು ಹೂಂ ಅನ್ನಬೇಕು."

ಶೈಲಾ ಟ್ರಂಕಿನ ಮೇಲೆ ಕುಸಿದು ಕುಳಿತಳು. ತಿಂಗಳಿಡೀ ತಡೆದಿದ್ದ ಅಳು ಉಕ್ಕಿ ಬಂತು. ಗಂಗಾಬಾಯಿ ಆಗಲೇ ಯಂತ್ರದ ಗಂಟು ಬಿಚ್ಚತೊಡಗಿದ್ದಳು.

"ಹೂಂ ಅನ್ನು ಹುಚ್ಚಿ!"

"ಹೂಂ..." ಎಂದಳು ಶೈಲಾ. ಅಬ್ಬಾ, ಎಷ್ಟು ಹಗುರಾಯಿತು ಜೀವ!

ಸೂರ್ಯನಾರಾಯಣ ಹೋದ ಮೇಲೆ ಅವಳು ಮೆಟ್ಟಿಲ ಬಳಿ ನಿಂತಳು.

"ಮೊದ್ಲೇ ಯಾಕ್ ಹೇಳ್ಲಿಲ್ರಿ?"

"ಹೇಳೂದ್ರೊಳಗ ಬಾಗ್ಲಾ ಹಾಕಿಬಿಡ್ತಿದ್ರಲ್ರೀ!" ಗುರುಶಾಂತ ನಕ್ಕ. ಆಮೇಲೆ ದನಿ ತಗ್ಗಿಸಿದ. "ಖರೇ ಹೇಳ್ಲಿ? ಅವತ್ತ ಮನಿ ನೋಡಾಕ ಬಂದಿದ್ದೆ. ನಿಮ್ಮನ್ನ ನೋಡಿದ ಮ್ಯಾಲ ಬ್ಯಾರೆ ಮನಿ ನೋಡಾಕ ಮನಸ್ಸ ಬರ್ಲಿಲ್ಲ."

ಶೈಲಾಳ ಕೆನ್ನೆ ಕೆಂಪಾಯಿತು. ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಮ್ಯಾಲಿನ ರೂಮಿನ್ಯಾಗ ಎಷ್ಟ್ ದಿನ ಇರ್ತೀರಿ?"

"ನೀವು ಕೆಳಗ ಕರಿಯೋತನಕ."

"ಹಂಗಾದ್ರ..." ಅವಳು ತಲೆ ತಗ್ಗಿಸಿ ನಕ್ಕಳು. "ಭಾಳ ದಿನ ಇರಂಗಿಲ್ಲ ಬಿಡ್ರಿ."